ಇಂಜಿನಿಗೊಂದು ತಿದಿ

ಚರಿತ್ರೆಯ ಪಾಠ ಹೇಳುವವನು ಮೋಟಾರು ಇಂಜಿನಿನ ವಿಷಯ ಬರೆಯಲು ಹೊರಟರೆ ಓದುಗರು ನಗುವುದು ಸಹಜ. ಯಂತ್ರಗಳಿಗೂ ನನಗೂ ಎಣ್ಣೆ ಸೀಗೆಯ ಸಂಬಂಧವೆಂಬುದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ಬಲ್ಲ ಮಾತು. ಆದರೂ ಈ ವಿಷಯವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ೨೦೧೮ರ ಬೇಸಿಗೆಯ ರಜೆಯಲ್ಲಿ ನಾನು ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ನೆಲೆಸಿರುವ ನನ್ನ ಅಣ್ಣನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅಣ್ಣ ತನ್ನ ಹಳೆಯ ಪಿಕಪ್ ಟ್ರಕ್ಕಿಗೆ ಟರ್ಬೊ ಎಂಬ ಸಾಧನವನ್ನು ಜೋಡಿಸುತ್ತಿದ್ದ ಕಾಲ ಅದು. ದೀಪ ಹಿಡಿಯುವುದು, ಸ್ಪ್ಯಾನರು ಎತ್ತಿಕೊಡುವುದು ನನ್ನ ಪಾಲಿನ ಊಳಿಗವಾಗಿತ್ತು. ಆ ಕೆಲಸದಲ್ಲಿ ನಾನು ಬಹಳ ಕಲಿತೆ. ಒಂದು ನಷ್ಟಕ್ಕೂ ಕಾರಣನಾದೆ. ಎರಡನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಅಣ್ಣ ಇರುವುದು ಕೊಲರಾಡೊ ಸ್ಪ್ರಿಂಗ್ಸ್ ಎಂಬ ಪಟ್ಟಣದಲ್ಲಿ. ಸಮುದ್ರಮಟ್ಟದಿಂದ ಸುಮಾರು ೬,೦೦೦ ಅಡಿ ಎತ್ತರ; ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತ ಸ್ವಲ್ಪವೇ ಕಡಿಮೆ. ಅವನು ಮರಗೆಲಸ ಮಾಡುತ್ತಾನೆ. ಬಾಗಿಲು, ಕಿಟಕಿ, ಕಪಾಟುಗಳನ್ನು ತಯಾರಿಸಿ, ಟ್ರಕ್ಕಿನ ಹಿಂದೆ ಒಂದು ಗಾಡಿಯನ್ನು ಕಟ್ಟಿ, ಯೂಟ್ ಪಾಸ್ ಎಂಬ ಕಣಿವೆಯ ದಾರಿಯಲ್ಲಿ ಸುಮಾರು ೮,೫೦೦ ಅಡಿ ಎತ್ತರದಲ್ಲಿರುವ ವುಡ್‌ಲ್ಯಾಂಡ್ ಪಾರ್ಕ್ ಊರಿಗೆ ಸಾಗಿಸುತ್ತಾನೆ. ಹೇರು ತುಂಬಿದ ಟ್ರಕ್ಕು ಆ ಏರಿನಲ್ಲಿ ತೇಕುತ್ತ ಎರಡನೆಯ ಗೇರಿನಲ್ಲಿ ಹತ್ತಬೇಕು. ಹಿಂದೆ ವಾಹನಗಳ ಸಾಲು, ಹಾರನ್ನುಗಳ ಗದ್ದಲ. ಈ ಕಷ್ಟವನ್ನು ನೀಗಬೇಕೆಂಬುದೇ ಅವನ ಉದ್ದೇಶವಾಗಿತ್ತು. ವೇಗದ ಹುಚ್ಚು ಅವನಿಗಿಲ್ಲ.

ಟ್ರಕ್ಕು ಬೆಟ್ಟದ ಮೇಲೆ ತೇಕುವುದು ಏಕೆ? ಇಲ್ಲಿಂದಲೇ ವಿಷಯ ಪ್ರಾರಂಭವಾಗುತ್ತದೆ. ಒಲೆಗೆ ಸೌದೆ ಎಷ್ಟು ತುರುಕಿದರೂ ಗಾಳಿಯಾಡದಿದ್ದರೆ ಹೊಗೆಯೇ ಹೊರತು ಉರಿಯಿಲ್ಲ. ಊದುಕೊಳವೆ ಹಿಡಿದು ಅಡಿಗೆ ಮಾಡಿದ ನಮ್ಮ ತಾಯಂದಿರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಮೋಟಾರು ಇಂಜಿನೂ ಒಂದು ಒಲೆಯೇ. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಅದಕ್ಕೆ ಸುಮಾರು ೧೪.೭ ತೂಕ ಗಾಳಿ ಬೇಕು. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಗಾಳಿಯನ್ನು ಹಾಗೆ ಸುರಿಯಲಾಗದು. ಪಿಸ್ಟನ್ನು ಕೆಳಗೆ ಸರಿದಾಗ ಸಿಲಿಂಡರಿನಲ್ಲಿ ತೆರಪು ಉಂಟಾಗುತ್ತದೆ. ಹೊರಗಿನ ವಾಯುಮಂಡಲ ತನ್ನ ಒತ್ತಡದಿಂದ ಆ ತೆರಪನ್ನು ತುಂಬುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಚದರ ಅಂಗುಲಕ್ಕೆ ೧೪.೭ ಪೌಂಡು. ಅಣ್ಣನ ಊರಿನಲ್ಲಿ ೧೧.೮ ಪೌಂಡಿನ ಸುಮಾರು. ಎಂದರೆ ಐದರಲ್ಲಿ ಒಂದು ಪಾಲು ಗಾಳಿ ಅಲ್ಲಿ ಇಲ್ಲವೇ ಇಲ್ಲ. ಗಾಳಿ ಎಷ್ಟೋ ಬಲವೂ ಅಷ್ಟೇ. ಬೆಟ್ಟ ಹತ್ತುವ ಮೊದಲೇ ಟ್ರಕ್ಕು ತನ್ನ ಐದನೆಯ ಒಂದು ಭಾಗ ಬಲವನ್ನು ಕಳೆದುಕೊಂಡಿರುತ್ತದೆ.

ಹಾಗಾದರೆ ಗಾಳಿಯನ್ನು ಒತ್ತಿ ತುಂಬಬಾರದೇಕೆ? ಕಮ್ಮಾರನು ಕುಲುಮೆಗೆ ಮಾಡುವುದು ಇದನ್ನೇ ಅಲ್ಲವೆ? ಅವನ ತಿದಿಯನ್ನು ಒತ್ತುವುದು ಮನುಷ್ಯನ ಕೈ. ಇಂಜಿನಿನ ತಿದಿಯನ್ನು ಒತ್ತುವವರು ಯಾರು? ಇಂಜಿನಿನ ಗಾಲಿಯಿಂದಲೇ ಪಟ್ಟಿ ಎಳೆದು ತಿದಿಯನ್ನು ತಿರುಗಿಸುವ ಪದ್ಧತಿಯೂ ಉಂಟು. ಆದರೆ ಅದು ಇಂಜಿನು ಗಳಿಸಿದ್ದರಲ್ಲಿಯೇ ಒಂದು ಪಾಲನ್ನು ಕೇಳುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರು ಆಲ್ಫ್ರೆಡ್ ಬ್ಯೂಖಿ ಬೇರೆ ದಾರಿಯನ್ನು ಕಂಡ. ಪೆಟ್ರೋಲಿನ ಶಾಖದಲ್ಲಿ ಕೆಲಸವಾಗಿ ಪರಿಣಮಿಸುವುದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಸುಮಾರು ಅಷ್ಟೇ ಶಾಖ ಹೊಗೆಯ ಕೊಳವೆಯಿಂದ ವ್ಯರ್ಥವಾಗಿ ಹೊರಹೋಗುತ್ತದೆ. ಆ ಹೊಗೆಯಿಂದಲೇ ತಿದಿ ಒತ್ತಿಸಬಹುದೆಂಬ ಆಲೋಚನೆಗೆ ಅವನು ೧೯೦೫ರಲ್ಲಿ ಪೇಟೆಂಟು ಪಡೆದ. ಕೈಗೂಡಲು ಎರಡು ದಶಕಗಳು ಹಿಡಿದವು. ೧೯೨೦ರ ದಶಕದ ನಡುವೆ ಜರ್ಮನಿಯ ಎರಡು ಪ್ರಯಾಣಿಕರ ಹಡಗುಗಳಲ್ಲಿ ಈ ಸಾಧನವನ್ನು ಅಳವಡಿಸಿದಾಗ, ಅವುಗಳ ಡೀಸೆಲ್ ಇಂಜಿನುಗಳ ಬಲ ೧,೭೫೦ ಅಶ್ವಶಕ್ತಿಯಿಂದ ೨,೫೦೦ಕ್ಕೆ ಏರಿತು.

ಚರಿತ್ರೆಯವನಾದ ನನಗೆ ಇನ್ನೂ ಸ್ವಾರಸ್ಯವೆನಿಸಿದ ಸಂಗತಿ ಬೇರೊಂದು. ಅಣ್ಣನ ಮನೆಯ ಅಂಗಳದಲ್ಲಿ ನಿಂತರೆ ಪೈಕ್ಸ್ ಪೀಕ್ ಎಂಬ ೧೪,೦೦೦ ಅಡಿ ಮೀರಿದ ಶಿಖರ ಕಾಣುತ್ತದೆ. ೧೯೧೮ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರು ‘ಲಿಬರ್ಟಿ’ ಎಂಬ ವಿಮಾನದ ಇಂಜಿನನ್ನು ಆ ಶಿಖರಕ್ಕೆ ಸಾಗಿಸಿ ಪರೀಕ್ಷೆ ನಡೆಸಿದ. ಕೆಳಗೆ ೩೫೦ ಅಶ್ವಶಕ್ತಿ ಕೊಡುತ್ತಿದ್ದ ಇಂಜಿನು ಶಿಖರದಲ್ಲಿ ೨೩೦ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ ೩೫೬ ಬಂದಿತು. ಬೆಟ್ಟ ಕಸಿದುಕೊಂಡದ್ದನ್ನು ಟರ್ಬೊ ಹಿಂದಿರುಗಿಸಿತು. ಎತ್ತರದಲ್ಲಿ ಹಾರುವ ವಿಮಾನಗಳಿಗೆ ಇದು ವರವಾಯಿತು. ಎರಡನೆಯ ಮಹಾಯುದ್ಧದ ಲಿಬರೇಟರ್ ಬಾಂಬರುಗಳ ಇಂಜಿನುಗಳಿಗೂ ಟರ್ಬೊ ಇತ್ತು. ಯುದ್ಧಾನಂತರ ಕಾನಪುರದಲ್ಲಿ ಅನಾಥವಾಗಿ ಬಿದ್ದಿದ್ದ ಅಂಥ ವಿಮಾನಗಳನ್ನು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ದುರಸ್ತಿ ಮಾಡಿ ವಾಯುಪಡೆಗೆ ಒಪ್ಪಿಸಿದರು. ಆದುದರಿಂದ ಈ ವಿದ್ಯೆ ಕನ್ನಡನಾಡಿಗೆ ತೀರ ಹೊಸದೇನೂ ಅಲ್ಲ.

ಟರ್ಬೊ ನೋಡಲು ಎರಡು ಬಸವನಹುಳುವಿನ ಚಿಪ್ಪುಗಳನ್ನು ಬೆನ್ನಿಗೆ ಬೆನ್ನು ಹಚ್ಚಿಟ್ಟಂತೆ ಇರುತ್ತದೆ. ಒಳಗೆ ಒಂದೇ ಅಚ್ಚು, ಅದರ ಎರಡು ತುದಿಗೆ ಎರಡು ಚಕ್ರ. ಒಂದು ಚಿಪ್ಪಿನೊಳಗೆ ಇಂಜಿನಿನ ಬಿಸಿ ಹೊಗೆ ನುಗ್ಗಿ ಚಕ್ರವನ್ನು ತಿರುಗಿಸುತ್ತದೆ. ಆ ತಿರುಗಿನಿಂದ ಇನ್ನೊಂದು ಚಿಪ್ಪಿನ ಚಕ್ರವೂ ತಿರುಗಿ ಹೊರಗಿನ ಶುದ್ಧ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರುಗಳಿಗೆ ಕಳುಹಿಸುತ್ತದೆ. ಹೊಗೆ ಮತ್ತು ಗಾಳಿ ಒಂದನ್ನೊಂದು ಮುಟ್ಟುವುದಿಲ್ಲ. ಈ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲದು. ಅಷ್ಟು ವೇಗಕ್ಕೆ ಗುಂಡುಗಳ ಬೇರಿಂಗೇ ಬೇಕೆಂದಿಲ್ಲ. ಸಾಮಾನ್ಯವಾಗಿ ಎಣ್ಣೆಯ ತೆಳುಪದರದ ಮೇಲೆ ಅಚ್ಚು ತೇಲುತ್ತ ತಿರುಗುತ್ತದೆ. ಹೊಗೆಯ ಬಲ ಪುಕ್ಕಟೆ ಎಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ಹೊಗೆಯ ದಾರಿಗೆ ಚಕ್ರ ಅಡ್ಡ ನಿಂತಿರುವುದರಿಂದ ಅದನ್ನು ಹೊರದೂಡಲು ಪಿಸ್ಟನ್ನು ಸ್ವಲ್ಪ ಹೆಚ್ಚು ಶ್ರಮಿಸಬೇಕಾಗುತ್ತದೆ. ಆದರೂ ಒಟ್ಟಿನಲ್ಲಿ ಲಾಭವೇ.

ಇನ್ನು ಅಣ್ಣನ ಟ್ರಕ್ಕು. ೧೯೭೨ರ ಫೋರ್ಡ್ ಎಫ್-೧೦೦. ಒಂದೇ ಸಾಲಿನಲ್ಲಿ ಆರು ಸಿಲಿಂಡರಿನ, ೩೦೦ ಘನ ಅಂಗುಲದ, ಎಂದರೆ ೪.೯ ಲೀಟರಿನ ಇಂಜಿನು. ೧೯೬೫ರಿಂದ ೧೯೯೬ರವರೆಗೆ ಈ ಇಂಜಿನು ಫೋರ್ಡ್ ಟ್ರಕ್ಕುಗಳಲ್ಲಿ ಬಂದಿತು. ಸಿಲಿಂಡರಿನ ಅಗಲ ೪ ಅಂಗುಲ, ಪಿಸ್ಟನ್ನಿನ ಓಡಾಟ ೩.೯೮ ಅಂಗುಲ. ಆರು ಸಿಲಿಂಡರುಗಳ ನಡುವೆಯೂ ತುದಿಗಳಲ್ಲಿಯೂ ಒಟ್ಟು ಏಳು ಬೇರಿಂಗುಗಳು ಕ್ರ್ಯಾಂಕಿನ ಅಚ್ಚನ್ನು ಹಿಡಿದಿವೆ. ವಾಲ್ವುಗಳನ್ನು ನಡೆಸುವ ಅಚ್ಚಿಗೆ ಸರಪಳಿಯಿಲ್ಲ; ಹಲ್ಲಿನ ಗಾಲಿಗಳಿವೆ. ಓಟದ ಕುದುರೆಯಲ್ಲ, ಗಾಡಿಯ ಎತ್ತು. ಇಂಥ ಗಟ್ಟಿ ಮೈಕಟ್ಟಿದ್ದುದರಿಂದಲೇ ಅಮೆರಿಕದ ಹವ್ಯಾಸಿಗಳು ಇದಕ್ಕೆ ಟರ್ಬೊ ಜೋಡಿಸಲು ಧೈರ್ಯ ಮಾಡುತ್ತಾರೆ. ಗಾಳಿ ಒಳಬರುವ ಕೊಳವೆಗಳೂ ಹೊಗೆ ಹೊರಹೋಗುವ ಕೊಳವೆಗಳೂ ಇಂಜಿನಿನ ಒಂದೇ ಪಕ್ಕದಲ್ಲಿ ಇರುವುದೂ ಒಂದು ಅನುಕೂಲ. ಟರ್ಬೊವನ್ನು ಅಲ್ಲಿಯೇ ಕೂರಿಸಬಹುದು.

ಕೂರಿಸುವ ಕೆಲಸ ನಾನೆಣಿಸಿದಷ್ಟು ಕಠಿಣವಾಗಿರಲಿಲ್ಲ. ಎರಕದ ಕಬ್ಬಿಣದ ಹೊಗೆಕೊಳವೆಯ ಬಾಯಿಗೆ ದಪ್ಪ ಉಕ್ಕಿನ ಮೊಣಕೈ ಬೆಸೆದು ಅದರ ಮೇಲೆ ಟರ್ಬೊ ಇಟ್ಟೆವು. ಇಂಜಿನಿನ ಎಣ್ಣೆಯ ಒತ್ತಡವನ್ನು ಅಳೆಯುವ ರಂಧ್ರದಲ್ಲಿ ಕವಲು ತೆಗೆದು ಬೆರಳಿಗಿಂತ ಸಣ್ಣ ನಾಳದಿಂದ ಟರ್ಬೊಗೆ ಎಣ್ಣೆ ಕೊಟ್ಟೆವು. ಎಣ್ಣೆ ಹಿಂದಿರುಗುವ ನಾಳ ಮಾತ್ರ ಹೆಬ್ಬೆರಳಿಗಿಂತ ದಪ್ಪ. ಏಕೆಂದು ಕೇಳಿದೆ. ಒಳಹೋಗುವ ಎಣ್ಣೆಗೆ ಪಂಪಿನ ಒತ್ತಡವಿದೆ. ಹೊರಬರುವಾಗ ಅದು ನೊರೆಗಟ್ಟಿರುತ್ತದೆ, ತನ್ನ ಭಾರದಿಂದಲೇ ಇಳಿಯಬೇಕು. ದಾರಿ ಕಿರಿದಾದರೆ ಅಚ್ಚಿನ ಪಕ್ಕದಿಂದ ಸೋರಿ ಹೊಗೆಯಾಗುತ್ತದೆ ಎಂದ. ಹೊಗೆಯ ಕಡೆ ‘ವೇಸ್ಟ್‌ಗೇಟ್’ ಎಂಬ ಪುಟ್ಟ ಕದವೊಂದಿದೆ. ಒತ್ತಡ ಗೊತ್ತುಮಾಡಿದ ಮಿತಿಗೆ ಬಂದೊಡನೆ ಅದು ತೆರೆದುಕೊಂಡು ಹೆಚ್ಚಿನ ಹೊಗೆಯನ್ನು ಚಕ್ರಕ್ಕೆ ತಗಲದಂತೆ ಪಕ್ಕದಿಂದ ಕಳುಹಿಸುತ್ತದೆ. ನಾವು ಆ ಮಿತಿಯನ್ನು ೬ ಪೌಂಡಿಗೆ ಇಟ್ಟೆವು. ಒತ್ತಿದ ಗಾಳಿ ಕಾರ್ಬ್ಯುರೇಟರಿನ ಮೂಲಕ ಹಾದು, ಪೆಟ್ರೋಲನ್ನು ಕೂಡಿಕೊಂಡು ಒಳಗೆ ಹೋಗುವ ಏರ್ಪಾಡು. ಮನೆಯ ಸುತ್ತ ಐದಾರು ಸಲ ಓಡಿಸಿ ನೋಡಿದೆವು. ಸಣ್ಣಗೆ ಸಿಳ್ಳು ಹಾಕುತ್ತ ಟ್ರಕ್ಕು ಮುನ್ನುಗ್ಗಿತು. ಅಣ್ಣನ ಮುಖದಲ್ಲಿ ಹುಡುಗನ ನಗೆ.

ಮರುದಿನ ಹೇರು ತುಂಬಿ ಯೂಟ್ ಪಾಸಿನ ಏರಿಗೆ ಹೋದೆವು. ಅಣ್ಣನ ಪಕ್ಕದಲ್ಲಿ ಕುಳಿತು ಒತ್ತಡದ ಮಾಪಕದ ಮುಳ್ಳನ್ನು ನೋಡುವುದು, ಅಂಕಿಯನ್ನು ಗಟ್ಟಿಯಾಗಿ ಹೇಳುವುದು ನನ್ನ ಕೆಲಸ. ನಾಲ್ಕು ಎಂದೆ, ಐದು ಎಂದೆ, ಆರು ಎಂದೆ. ಮುಳ್ಳು ಆರರಲ್ಲಿಯೇ ನಿಂತಿತು. ಅರ್ಧ ಮೈಲಿ ಹೋಗಿರಬಹುದು. ತಗಡಿನ ಡಬ್ಬಿಯಲ್ಲಿ ಹುರಿಗಡಲೆ ಕುಲುಕಿದಂಥ ಸಣ್ಣ ಸದ್ದು ನನಗೆ ಕೇಳಿಸಿತು. ಹಿಂದಿನ ತೊಟ್ಟಿಯಲ್ಲಿ ಮೊಳೆಯ ಡಬ್ಬಿ ಅಲುಗುತ್ತಿರಬೇಕೆಂದುಕೊಂಡೆ. ಆದರೆ ಸದ್ದು ಮುಂದಿನಿಂದ ಬರುತ್ತಿದೆಯೆಂದು ಮನಸ್ಸಿನ ಒಂದು ಮೂಲೆ ಹೇಳುತ್ತಲೇ ಇತ್ತು. ಗರಗಸದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದ ಅಣ್ಣನ ಕಿವಿ ಸ್ವಲ್ಪ ಮಂದ, ಅವನಿಗೆ ಕೇಳಿಸಲಿಲ್ಲ. ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಯಂತ್ರ ತಿಳಿಯದವನು ಏನೋ ಅಂದು ನಗೆಪಾಟಲಾಗುವುದೇಕೆ ಎಂಬ ಸಂಕೋಚ. ಒಂದು ನಿಮಿಷವೂ ಕಳೆಯಲಿಲ್ಲ. ಒಳಗೆ ಏನೋ ಬಡಿದಂತಾಯಿತು, ಬಲ ಕುಸಿಯಿತು, ಹಿಂದೆ ನೀಲಿ ಹೊಗೆ ಎದ್ದಿತು.

ಟ್ರಕ್ಕನ್ನು ಎಳೆಸಿಕೊಂಡು ಬಂದು ಬಿಚ್ಚಿದಾಗ ಐದನೆಯ ಸಿಲಿಂಡರಿನ ಪಿಸ್ಟನ್ನಿನಲ್ಲಿ ಎರಡು ರಿಂಗುಗಳ ನಡುವಿನ ಅಂಚು ಒಡೆದಿತ್ತು. ಚೂರುಗಳು ಸಿಲಿಂಡರಿನ ಗೋಡೆಯನ್ನು ಗೀಚಿದ್ದವು. ನಾನು ಕೇಳಿದ ಹುರಿಗಡಲೆಯ ಸದ್ದೇ ಅದರ ಮುನ್ಸೂಚನೆ. ಸಿಲಿಂಡರಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ಕಿಡಿಯಿಂದ ಹತ್ತಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಉರಿಯಬೇಕು. ಶಾಖವೂ ಒತ್ತಡವೂ ಮಿತಿ ಮೀರಿದರೆ ಉರಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ತಳ್ಳುವ ಕೈ ಸುತ್ತಿಗೆಯಾಗಿ ಬಡಿಯುತ್ತದೆ. ಯಂತ್ರಜ್ಞರು ಇದನ್ನು ‘ನಾಕ್’ ಎನ್ನುತ್ತಾರೆ. ಅದು ಕೇಳಿಸಿದೊಡನೆ ವೇಗದ ಪೆಡಲಿನಿಂದ ಕಾಲು ತೆಗೆದಿದ್ದರೆ ಪಿಸ್ಟನ್ನು ಉಳಿಯುತ್ತಿತ್ತು.

ಮಿತಿ ಮೀರಿದ್ದು ಏಕೆ? ಎರಡು ರಾತ್ರಿ ಕುಳಿತು ಅಣ್ಣ ಕಾರಣಗಳನ್ನು ಒಂದೊಂದಾಗಿ ಕಂಡುಹಿಡಿದ. ಮೊದಲನೆಯದು ಬಹು ಸರಳ. ಟ್ರಕ್ಕಿನ ಹಳೆಯ ಪೆಟ್ರೋಲು ಪಂಪು ಸುಮಾರು ೫ ಪೌಂಡಿನ ಒತ್ತಡದಿಂದ ಕಾರ್ಬ್ಯುರೇಟರಿಗೆ ಪೆಟ್ರೋಲನ್ನು ತಳ್ಳುತ್ತದೆ. ಹೊರಗಿನ ಗಾಳಿ ಮಾತ್ರ ಇದ್ದಾಗ ಅದು ಸಾಕು. ಈಗ ಕಾರ್ಬ್ಯುರೇಟರಿನೊಳಗೆ ಟರ್ಬೊ ೬ ಪೌಂಡು ಒತ್ತಡವನ್ನು ತುಂಬಿ ಕುಳಿತಿದೆ. ಐದು ಆರನ್ನು ತಳ್ಳೀತೆ? ಒಳಗಿನಿಂದ ಬಾಗಿಲು ಒತ್ತಿ ಹಿಡಿದ ಮನೆಗೆ ಅತಿಥಿ ನುಗ್ಗಲಾರ. ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಿನಲ್ಲಿದ್ದ ಪೆಟ್ರೋಲು ಮುಗಿಯುವವರೆಗೆ ಎಲ್ಲವೂ ಸರಿಯಾಗಿತ್ತು; ಮನೆಯ ಸುತ್ತ ಓಡಿಸಿದಾಗ ಅದೇ ಸಾಕಾಗಿತ್ತು. ಉದ್ದನೆಯ ಏರಿನಲ್ಲಿ ಬಟ್ಟಲು ಬರಿದಾಗುತ್ತ ಬಂದಿತು. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆಯಾದ ಮಿಶ್ರಣ ಒಳಗೆ ಹೋಯಿತು. ಹೆಚ್ಚಿಗೆ ಸೇರಿದ ಪೆಟ್ರೋಲು ಆವಿಯಾಗುವಾಗ ಸಿಲಿಂಡರನ್ನು ತಂಪಾಗಿಡುತ್ತದೆ. ಆ ತಂಪು ತಪ್ಪಿತು.

ಎರಡನೆಯ ಕಾರಣ ಗಾಳಿಯ ಶಾಖ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲ ಪಂಪಿನ ತಳ ಬಿಸಿಯಾಗುವುದನ್ನು ಬಲ್ಲರು. ಹೊರಗಿನ ೧೧.೮ ಪೌಂಡಿನ ಗಾಳಿಯನ್ನು ೧೭.೮ಕ್ಕೆ ಒತ್ತಿದರೆ, ಎಂದರೆ ಒಂದೂವರೆ ಪಟ್ಟು ಮಾಡಿದರೆ, ೨೭ ಡಿಗ್ರಿ ಸೆಂಟಿಗ್ರೇಡಿನ ಗಾಳಿ ಸುಮಾರು ೮೦ ಡಿಗ್ರಿಗೆ ಏರುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಅದರ ತೂಕ ಒಂದೂವರೆ ಪಟ್ಟಾಗುವುದಿಲ್ಲ. ಲೆಕ್ಕ ಹಾಕಿದರೆ ಹೆಚ್ಚಾಗುವುದು ಶೇಕಡಾ ೨೮ ಮಾತ್ರ. ಸಮುದ್ರಮಟ್ಟದ ಗಾಳಿಯನ್ನು ನೂರು ಎಂದಿಟ್ಟರೆ ಬೆಟ್ಟದ ಮೇಲೆ ಎಂಬತ್ತು. ಟರ್ಬೊ ಸೇರಿ ನೂರೆರಡು. ನೂರು ವರ್ಷಗಳ ಹಿಂದೆ ಅದೇ ಬೆಟ್ಟದ ತುದಿಯಲ್ಲಿ ಮಾಸ್ ಕಂಡದ್ದೂ ಇದನ್ನೇ ಅಲ್ಲವೆ? ಮೂರನೆಯದು ಪೆಟ್ರೋಲಿನ ಗುಣ. ತಾನಾಗಿ ಸಿಡಿಯದಿರುವ ಗುಣವನ್ನು ಆಕ್ಟೇನ್ ಎಂಬ ಅಂಕದಿಂದ ಅಳೆಯುತ್ತಾರೆ. ಕೊಲರಾಡೊದಲ್ಲಿ ತೆಳು ಗಾಳಿಯ ಕಾರಣದಿಂದ ೮೫ ಅಂಕದ ಪೆಟ್ರೋಲನ್ನು ಸಾಮಾನ್ಯ ವಾಹನಗಳಿಗೆ ಮಾರುತ್ತಾರೆ. ಅಭ್ಯಾಸದಂತೆ ಅಣ್ಣ ಅದನ್ನೇ ತುಂಬಿದ್ದ. ಟರ್ಬೊ ಬಂದ ಮೇಲೆ ಗಾಳಿ ತೆಳುವಾಗಿ ಉಳಿಯಲಿಲ್ಲ. ಎತ್ತರದ ರಿಯಾಯಿತಿಯೂ ಉಳಿಯಲಿಲ್ಲ.

ಇವನ್ನೆಲ್ಲ ಕೇಳಿದಾಗ ನನಗೆ ಹೊಳೆದದ್ದು ಇಷ್ಟು. ಟರ್ಬೊ ಇಂಜಿನಿಗೆ ಬಲವನ್ನು ಕೊಡುವುದಿಲ್ಲ, ಗಾಳಿಯನ್ನು ಮಾತ್ರ ಕೊಡುತ್ತದೆ. ಆ ಗಾಳಿಯ ಹಿಂದೆ ಬರುವ ಪೆಟ್ರೋಲಿನ ಬೇಡಿಕೆ, ಶಾಖ, ಒತ್ತಡಗಳಿಗೆಲ್ಲ ಜವಾಬು ಹೇಳಬೇಕಾದವರು ನಾವು. ಟರ್ಬೊ ಕೂರಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿದೆವು. ನಿಜವಾಗಿ ಕೆಲಸ ಅಲ್ಲಿಂದ ಪ್ರಾರಂಭವಾಗಬೇಕಾಗಿತ್ತು.

ಒಂದು ಸಿಲಿಂಡರನ್ನು ಕೊರೆದು ಹಿಗ್ಗಿಸಿದರೆ ಉಳಿದ ಐದನ್ನೂ ಹಿಗ್ಗಿಸುವುದು ವಾಡಿಕೆ. ಆರು ಹೊಸ ಪಿಸ್ಟನ್ನುಗಳು, ರಿಂಗುಗಳು, ಗ್ಯಾಸ್ಕೆಟ್ಟುಗಳು, ಕೊರೆದವರ ಕೂಲಿ—ಎಲ್ಲಕ್ಕೂ ಹಣ ಬೇಕಾಯಿತು. ಆ ವರ್ಷ ದೀಪಾವಳಿಗೆ ಊರಿಗೆ ಬಂದು ಅಮ್ಮನನ್ನು ನೋಡಬೇಕೆಂದು ಅಣ್ಣ ವಿಮಾನದ ಹಣ ಕೂಡಿಟ್ಟಿದ್ದ. ಟ್ರಕ್ಕು ನಿಂತರೆ ಅನ್ನವೂ ನಿಲ್ಲುತ್ತದೆ. ಹಣ ಅದಕ್ಕೇ ಹೋಯಿತು. ಸದ್ದು ಕೇಳಿಸಿಯೂ ಸುಮ್ಮನಿದ್ದೆನೆಂದು ನಾನು ಅವನಿಗೆ ಆ ರಾತ್ರಿಯೇ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಮುಂದಿನ ಸಲ ಕೂಗಿಬಿಡು’ ಎಂದ. ಅಷ್ಟೇ.

ಎರಡನೆಯ ಸಲ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ವಿದ್ಯುತ್ತಿನ ಪೆಟ್ರೋಲು ಪಂಪು ಹಾಕಿ, ಟರ್ಬೊದ ಒತ್ತಡವನ್ನು ಒಂದು ಸಣ್ಣ ನಾಳದಿಂದ ಅದರ ನಿಯಂತ್ರಕಕ್ಕೆ ತಿಳಿಸುವ ಏರ್ಪಾಡಾಯಿತು. ಈಗ ಗಾಳಿ ೬ ಪೌಂಡು ಒತ್ತಿದರೆ ಪೆಟ್ರೋಲು ೧೧ ಪೌಂಡು ಒತ್ತುತ್ತದೆ. ಐದರ ಅಂತರ ಎಂದೂ ತಪ್ಪುವುದಿಲ್ಲ. ಟರ್ಬೊಗೂ ಕಾರ್ಬ್ಯುರೇಟರಿಗೂ ನಡುವೆ, ಟ್ರಕ್ಕಿನ ಮೂತಿಯ ಹಿಂದೆ, ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಎಂಬ ಜಾಲರಿಯನ್ನು ಕೂರಿಸಿದೆವು. ೮೦ ಡಿಗ್ರಿಯ ಗಾಳಿ ಅಲ್ಲಿ ೪೭ಕ್ಕೆ ಇಳಿದರೆ ಅದೇ ಒತ್ತಡದಲ್ಲಿ ಗಾಳಿಯ ತೂಕ ಶೇಕಡಾ ೪೦ರಷ್ಟು ಹೆಚ್ಚುತ್ತದೆ. ನೂರೆರಡು ಇದ್ದದ್ದು ನೂರಹನ್ನೆರಡು ದಾಟುತ್ತದೆ. ಒತ್ತಡವನ್ನು ಏರಿಸದೆ ಬಲ ಹೆಚ್ಚಿತು, ಸಿಡಿತದ ಭಯವೂ ತಗ್ಗಿತು. ಒತ್ತಡ ಒಂದು ಪೌಂಡು ಏರಿದರೆ ಕಿಡಿಯನ್ನು ಒಂದು ಡಿಗ್ರಿಯಷ್ಟು ತಡಮಾಡುವುದು ಹವ್ಯಾಸಿಗಳ ಸ್ಥೂಲ ನಿಯಮ. ಅದರಂತೆ ಆರು ಡಿಗ್ರಿ ತಡಮಾಡಿದೆವು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಮಿಶ್ರಣ ಹೇಗಿದೆಯೆಂದು ತೋರಿಸುವ ಮಾಪಕವನ್ನು ಒತ್ತಡದ ಮಾಪಕದ ಪಕ್ಕ ಇಟ್ಟೆವು. ಪೂರ್ತಿ ಹೇರಿನಲ್ಲಿ ಒಂದು ತೂಕ ಪೆಟ್ರೋಲಿಗೆ ಹನ್ನೆರಡರ ಒಳಗೆ ಗಾಳಿ ಇರಬೇಕೆಂದು ಕಾರ್ಬ್ಯುರೇಟರನ್ನು ಹದಗೊಳಿಸಿದೆವು. ಪೆಟ್ರೋಲು ೯೧ ಅಂಕದ್ದು.

ನಾನು ಹೊರಡುವ ಮುಂಚಿನ ವಾರ ಮತ್ತೆ ಅದೇ ಏರು, ಅದೇ ಹೇರು. ಎರಡನೆಯ ಗೇರಿನಲ್ಲಿ ತೇಕುತ್ತಿದ್ದ ಟ್ರಕ್ಕು ಮೂರನೆಯ ಗೇರಿನಲ್ಲಿ ಹತ್ತಿತು. ನಾನು ಅಂಕಿಗಳನ್ನು ಹೇಳುತ್ತಲೇ ಹೋದೆ. ನಡುವೆ ಮೂರು ಸಲ ‘ಸದ್ದು!’ ಎಂದು ಕೂಗಿದೆ. ಮೂರು ಸಲವೂ ಅದು ಮೊಳೆಯ ಡಬ್ಬಿಯೇ. ಮೂರು ಸಲವೂ ಅಣ್ಣ ಪೆಡಲಿನಿಂದ ಕಾಲೆತ್ತಿದ, ನಗಲಿಲ್ಲ. ಮೇಲೆ ತಲುಪಿದ ಮೇಲೆ ಒಡನೆಯೇ ಇಂಜಿನನ್ನು ನಿಲ್ಲಿಸದೆ ಎರಡು ನಿಮಿಷ ಹಾಗೆಯೇ ಬಿಟ್ಟ. ಕೆಂಪಗೆ ಕಾದ ಟರ್ಬೊದಲ್ಲಿ ಎಣ್ಣೆಯ ಹರಿವು ಥಟ್ಟನೆ ನಿಂತರೆ ಉಳಿದ ಎಣ್ಣೆ ಸುಟ್ಟು ಕರಿಕಟ್ಟಿ ಅಚ್ಚನ್ನು ತಿನ್ನುತ್ತದೆ.

ನಮ್ಮ ಹೆದ್ದಾರಿಗಳಲ್ಲಿ ಓಡಾಡುವ ಡೀಸೆಲ್ ಲಾರಿಗಳಲ್ಲಿ ಇಂದು ಟರ್ಬೊ ಸರ್ವಸಾಮಾನ್ಯ. ಶಿರಾಡಿ ಘಾಟಿಯಲ್ಲಿ ಕೇಳುವ ಸಣ್ಣ ಸಿಳ್ಳು ಅದರದೇ. ಡೀಸೆಲ್ ಇಂಜಿನು ಮೊದಲು ಬರಿಯ ಗಾಳಿಯನ್ನು ಒತ್ತಿ, ಕೊನೆಯ ಗಳಿಗೆಯಲ್ಲಿ ಎಣ್ಣೆಯನ್ನು ಚಿಮ್ಮಿಸುತ್ತದೆ. ಮುಂಚಿತವಾಗಿ ಸಿಡಿಯಲು ಅಲ್ಲಿ ಮಿಶ್ರಣವೇ ಇಲ್ಲ. ಆದುದರಿಂದ ಟರ್ಬೊ ಅದಕ್ಕೆ ಸುಲಭವಾಗಿ ಒಗ್ಗಿತು. ಅಮೆರಿಕದಲ್ಲಿಯೂ ೧೯೮೯ರಲ್ಲಿ ಡಾಜ್ ಪಿಕಪ್ಪಿಗೆ ಕಮಿನ್ಸ್ ಕಂಪನಿಯ ಆರು ಸಿಲಿಂಡರಿನ ಡೀಸೆಲ್ ಇಂಜಿನು ಟರ್ಬೊ ಸಮೇತವಾಗಿಯೇ ಬಂದಿತು. ಆದರೆ ಇದನ್ನೋದಿ ಯಾರೂ ತಮ್ಮ ವಾಹನಕ್ಕೆ ಕೈಹಾಕಬಾರದು. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದನ್ನು ನಮ್ಮ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಡೆಯುತ್ತದೆ.

ಅಣ್ಣ ಆ ದೀಪಾವಳಿಗೆ ಬರಲಿಲ್ಲ. ಮುಂದಿನ ವರ್ಷ ಬಂದ. ಅಮ್ಮ ಎರಡು ದೀಪಾವಳಿಯ ಹೋಳಿಗೆಯನ್ನು ಒಟ್ಟಿಗೆ ಬಡಿಸಿದಳು. ನಮ್ಮದು ಕಲಾ ಕಾಲೇಜು. ಯಂತ್ರ, ಲೆಕ್ಕ, ವಿಜ್ಞಾನ ಎಂದರೆ ‘ಅದು ನಮಗಲ್ಲ’ ಎಂದು ಹಿಂದೆ ಸರಿಯುವ ಅಭ್ಯಾಸ ನನ್ನಲ್ಲಿತ್ತು. ನನ್ನ ವಿದ್ಯಾರ್ಥಿಗಳಲ್ಲಿಯೂ ಅದನ್ನು ಕಾಣುತ್ತೇನೆ. ತಿಳಿಯದಿರುವುದು ದೊಡ್ಡ ತಪ್ಪಲ್ಲ. ಆದರೆ ಕೇಳಿಸಿದ ಸದ್ದನ್ನು ಕೇಳಿಸಿತೆಂದು ಹೇಳುವುದಕ್ಕೆ ಯಾವ ಶಾಸ್ತ್ರದ ಪದವಿಯೂ ಬೇಕಾಗಿಲ್ಲ.